ಯಾರನ್ನು ಎಬ್ಬಿಸಬೇಕು? ಮನೆಯ ಬೆಂಕಿ ಅಲಾರಮಿನ ಒಂದು ಚರಿತ್ರೆ

ತರ್ಕಶಾಸ್ತ್ರದ ಪರಿಚಯವಿರುವವರಿಗೆ ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತ ಗೊತ್ತಿರುತ್ತದೆ. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ. ಆದ್ದರಿಂದ ಅಲ್ಲಿ ಬೆಂಕಿ ಇದೆ. ಅಡುಗೆಮನೆಯಲ್ಲಿ ನಾವು ಕಂಡಿರುವ ಹಾಗೆ. ಅನುಮಾನವೆಂಬ ಪ್ರಮಾಣವನ್ನು ವಿವರಿಸಲು ನೈಯಾಯಿಕರು ಶತಮಾನಗಳ ಕಾಲ ಬಳಸಿದ ಉದಾಹರಣೆ ಇದು. ಇದರ ಜೊತೆಗೇ ಅವರು ಎರಡು ಎಚ್ಚರಿಕೆಗಳನ್ನೂ ಹೇಳಿದ್ದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದೇ ಹೊರತು ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು; ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇನ್ನೊಂದು, ಹಬೆಯನ್ನೋ ಧೂಳನ್ನೋ ಹೊಗೆಯೆಂದು ತಪ್ಪಾಗಿ ಗ್ರಹಿಸಿದವನ ಅನುಮಾನ ಬುಡದಲ್ಲೇ ಕೆಡುತ್ತದೆ.

ಇಂದು ಮನೆಯ ಸೂರಿಗೆ ಅಂಟಿಕೊಂಡಿರುವ ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ ಹಗಲಿರುಳೂ ಮಾಡುತ್ತಿರುವುದು ಇದೇ ಅನುಮಾನವನ್ನು. ನೈಯಾಯಿಕರು ಕಂಡ ತೊಡಕುಗಳೂ ಅದಕ್ಕೆ ಹಾಗೆಯೇ ಒದಗಿವೆ. ಹೊಗೆ ಹೆಚ್ಚಿಲ್ಲದ ಬೆಂಕಿಯನ್ನು ಅದು ಹೇಗೆ ಅರಿಯಬೇಕು? ಕುಕ್ಕರಿನ ಹಬೆಯನ್ನು ಹೊಗೆಯಿಂದ ಹೇಗೆ ಬೇರ್ಪಡಿಸಬೇಕು? ಬೆಂಕಿಯೂ ಹೊಗೆಯೂ ದಿನವೂ ಒಟ್ಟಿಗಿರುವ ಅಡುಗೆಮನೆಯಲ್ಲಿ ಅದು ಏನು ಮಾಡಬೇಕು? ಇವುಗಳ ಆಚೆಗೆ ಶಾಸ್ತ್ರಕಾರರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಬೆಂಕಿಯಿದೆ ಎಂದು ಗೊತ್ತಾದ ಮೇಲೆ ಯಾರನ್ನು ಎಬ್ಬಿಸಬೇಕು? ಬೆಂಕಿಯ ಎಚ್ಚರಿಕೆಯ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳ ಚರಿತ್ರೆ.

ಊರನ್ನು ಎಬ್ಬಿಸುತ್ತಿದ್ದ ಕಾಲ

ಪ್ರಾಚೀನರ ಉತ್ತರ ಸರಳವಾಗಿತ್ತು: ಊರನ್ನು ಎಬ್ಬಿಸಬೇಕು. ಕ್ರಿ.ಶ. 6ರಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸ್ ‘ವಿಜಿಲೀಸ್’ ಎಂಬ ರಾತ್ರಿ ಕಾವಲಿನ ದಳವನ್ನು ಕಟ್ಟಿದ. ಅದರಲ್ಲಿ 7 ತುಕಡಿಗಳಿದ್ದವು. ನಗರದ 14 ವಿಭಾಗಗಳಲ್ಲಿ ಒಂದೊಂದು ತುಕಡಿಗೆ ಎರಡರ ಹೊಣೆ. ಮಧ್ಯಯುಗದ ಯುರೋಪಿನಲ್ಲಿ ಸಂಜೆಯ ನಿಗದಿತ ಹೊತ್ತಿಗೆ ಗಂಟೆ ಬಾರಿಸಿದರೆ ಮನೆಮನೆಯವರೂ ಒಲೆಯ ಕೆಂಡವನ್ನು ಮುಚ್ಚಬೇಕಿತ್ತು. ಹಳೆಯ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’ ಎಂಬ ಅರ್ಥ ಕೊಡುವ ಆ ಮಾತೇ ಸವೆದು ‘ಕರ್ಫ್ಯೂ’ ಆಯಿತು. ನಾವು ಇಂದು ಗಲಭೆಯ ಸಂದರ್ಭದಲ್ಲಿ ಬಳಸುವ ಶಬ್ದದ ಹೊಟ್ಟೆಯಲ್ಲಿ ಒಂದು ಒಲೆ ಅಡಗಿದೆ.

ನಮ್ಮ ಕಡೆಯ ಸಾಕ್ಷ್ಯ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಈ ಗ್ರಂಥ ಲೋಕಕ್ಕೆ ಮರಳಿ ದೊರೆತದ್ದೇ ಕನ್ನಡ ನಾಡಿನಲ್ಲಿ. ಹಾಸನ ಸೀಮೆಯ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅದರ ತಾಳೆಯೋಲೆಗಳನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ ಬೆಂಕಿಯ ಕುರಿತಾದ ಕಟ್ಟಳೆಗಳು ಬರುತ್ತವೆ. ಬೇಸಗೆಯ ನಡುಹಗಲಿನಲ್ಲಿ ಬೆಂಕಿ ಹಚ್ಚಬಾರದು. ಮನೆಮನೆಯಲ್ಲೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲಗಳಿರಬೇಕು. ಹುಲ್ಲು ಚಾಪೆಗಳ ಮಾಡನ್ನು ತೆಗೆಸಬೇಕು. ಬೆಂಕಿಯಿಂದ ಬದುಕುವ ಕಸುಬಿನವರು ಒಂದೆಡೆ ನೆಲೆಸಬೇಕು. ಮನೆಯೊಡೆಯರು ರಾತ್ರಿ ತಮ್ಮ ತಮ್ಮ ಮುಂಬಾಗಿಲಲ್ಲಿರಬೇಕು. ಬೀದಿಗಳಲ್ಲೂ ಚೌಕಗಳಲ್ಲೂ ಸಾಲಾಗಿ ನೀರಿನ ಪಾತ್ರೆಗಳಿರಬೇಕು. ಬೆಂಕಿ ಬಿದ್ದಾಗ ಆರಿಸಲು ಓಡಿಬರದ ಮನೆಯೊಡೆಯನಿಗೆ 12 ಪಣ ದಂಡ. ಬಾಡಿಗೆದಾರನಿಗೆ 6 ಪಣ. ಬಾಡಿಗೆಯವನ ಹೊಣೆ ಅರ್ಧಕ್ಕಿಳಿಯಿತು, ಇಲ್ಲವಾಗಲಿಲ್ಲ. ಪರಊರಿನಲ್ಲಿ ಬಾಡಿಗೆಯ ಮನೆಗಳಲ್ಲಿ ಬಾಳುವ ನಮ್ಮಂಥವರು ಈ ಲೆಕ್ಕವನ್ನು ನೆನಪಿನಲ್ಲಿಡುವುದು ಲೇಸು. ಮುಂದೆ ಅದರ ಅಗತ್ಯ ಬೀಳುತ್ತದೆ.

ಈ ಎಲ್ಲ ಏರ್ಪಾಡುಗಳ ಹಿಂದೆ ಒಂದೇ ತಿಳಿವಳಿಕೆಯಿದೆ. ಬೆಂಕಿ ಒಂದು ಮನೆಯ ಸಂಗತಿಯಲ್ಲ, ಕೇರಿಯ ಸಂಗತಿ. ಎಚ್ಚರವಿದ್ದ ಕಣ್ಣೊಂದು ಅದನ್ನು ಹೊರಗಿನಿಂದ ಕಾಣಬೇಕು, ಕೂಗಿ ನೆರೆಯವರನ್ನು ಕರೆಯಬೇಕು. ಉರಿಯುತ್ತಿರುವ ಮನೆಯೊಳಗೆ ಮಲಗಿದವನು ಈ ಲೆಕ್ಕದಲ್ಲಿ ತೀರ ಕೊನೆಗೆ ಬರುತ್ತಾನೆ.

ಶಾಖವನ್ನು ಅರಿತ ಯಂತ್ರಗಳು

19ನೆಯ ಶತಮಾನದಲ್ಲಿ ಕೂಗಿನ ಜಾಗಕ್ಕೆ ತಂತಿ ಬಂತು. ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್ ರೂಪಿಸಿದ ಟೆಲಿಗ್ರಾಫ್ ವ್ಯವಸ್ಥೆ 1852ರ ಏಪ್ರಿಲಿನಲ್ಲಿ ಬಾಸ್ಟನ್ ನಗರದಲ್ಲಿ ಆರಂಭವಾಯಿತು. ಬೀದಿಯ ಪೆಟ್ಟಿಗೆಯಿಂದ ಕಳಿಸಿದ ಸಂಕೇತ ಕೇಂದ್ರ ಕಚೇರಿಯನ್ನು ತಲುಪಿ, ಬೆಂಕಿ ಯಾವ ಭಾಗದಲ್ಲೆಂದು ತಿಳಿಸುತ್ತಿತ್ತು. ಆದರೆ ಸಂಕೇತ ಕಳಿಸಲು ಎಚ್ಚರವಿರುವ ಮನುಷ್ಯನೊಬ್ಬ ಅಲ್ಲಿರಲೇಬೇಕಿತ್ತು.

ಆ ಮನುಷ್ಯನಿಲ್ಲದೆಯೂ ಬೆಂಕಿಯನ್ನು ಅರಿಯುವ ಯಂತ್ರಗಳು ಮೊದಲು ನೆಚ್ಚಿದ್ದು ಶಾಖವನ್ನು. ಎಡಿಸನ್ನನ ಪ್ರಯೋಗಶಾಲೆಯಲ್ಲಿದ್ದ ಗಣಿತಜ್ಞ ಫ್ರಾನ್ಸಿಸ್ ಅಪ್ಟನ್, ಫರ್ನಾಂಡೋ ಡಿಬಲ್ ಎಂಬವನೊಡನೆ 1890ರಲ್ಲಿ ವಿದ್ಯುತ್ ಅಗ್ನಿ ಅಲಾರಮಿಗೆ ಪೇಟೆಂಟ್ ಪಡೆದ. 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಆಂಡ್ರ್ಯೂ ಡಾರ್ಬಿ ಶಾಖವನ್ನು ಸೂಚಿಸುವ ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದ. ಇಂಥ ಸಾಧನಗಳ ತತ್ತ್ವ ಸುಲಭ: ಶಾಖ ಒಂದು ಮಿತಿಯನ್ನು ಮೀರಿದಾಗ ಲೋಹ ಕರಗುತ್ತದೆ ಅಥವಾ ಬಾಗುತ್ತದೆ, ವಿದ್ಯುತ್ತಿನ ದಾರಿ ಕೂಡಿಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಮಿಶ್ರಲೋಹಗಳು ಆಗಲೇ ಬಳಕೆಯಲ್ಲಿದ್ದವು. ಹತ್ತಿ ಗಿರಣಿಗಳ ಸೂರಿನ ನೀರಿನ ಸ್ಪ್ರಿಂಕ್ಲರುಗಳ ಬಾಯಿ ತೆರೆಯುತ್ತಿದ್ದುದೂ ಇಂಥ ಲೋಹ ಕರಗಿದಾಗಲೇ.

ಗಿರಣಿಗೆ, ಗೋದಾಮಿಗೆ ಇದು ಸಾಕಾಗಿತ್ತು. ಅಲ್ಲಿ ಉಳಿಯಬೇಕಾದದ್ದು ಸರಕು ಮತ್ತು ಕಟ್ಟಡ. ಬೆಂಕಿ ಒಂದು ಮೂಲೆಯಲ್ಲಿ ಬಲಿತು ಸೂರನ್ನು ಕಾಯಿಸಿದ ಮೇಲೆ ಗೊತ್ತಾದರೂ ಉಳಿದ ಭಾಗವನ್ನು ಕಾಪಾಡಬಹುದು. ಮಲಗಿದ ಮನುಷ್ಯನಿಗೆ ಈ ಲೆಕ್ಕ ಒಗ್ಗುವುದಿಲ್ಲ. ಹಾಸಿಗೆಯ ಹತ್ತಿಯಲ್ಲಿ ಬಿದ್ದ ಕಿಡಿ ಜ್ವಾಲೆಯಿಲ್ಲದೆ ಹೊತ್ತುಗಟ್ಟಲೆ ಕನಲಬಲ್ಲುದು. ಆ ಹೊತ್ತಿನಲ್ಲಿ ಸೂರಿನ ಶಾಖ ಹೆಚ್ಚೇನೂ ಏರಿರುವುದಿಲ್ಲ. ಕೋಣೆಯ ಗಾಳಿಯಲ್ಲಿ ಮಾತ್ರ ಕಾರ್ಬನ್ ಮಾನಾಕ್ಸೈಡ್ ತುಂಬುತ್ತ ಹೋಗುತ್ತದೆ. ಶಾಖದ ಗಂಟೆ ಬಾರಿಸುವ ವೇಳೆಗೆ ಎಬ್ಬಿಸಲು ಯಾರೂ ಉಳಿದಿರುವುದಿಲ್ಲ.

ಹೊಗೆಯನ್ನು ಅರಿತ ಯಂತ್ರ

ಹೊಗೆಯನ್ನು ಅರಿಯುವ ಸಾಧನ ಹುಟ್ಟಿದ್ದು ಬೇರೇನನ್ನೋ ಹುಡುಕಿದ ಪ್ರಯೋಗಗಳ ನಡುವೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಗುರುತಿಸುವ ಉಪಕರಣವೊಂದನ್ನು ಮಾಡಲು ಹೊರಟಿದ್ದ. ವಿದ್ಯುದಾವೇಶಗೊಂಡ ಗಾಳಿಯ ಕಣಗಳಿಗೆ ವಿಷಾನಿಲ ಅಂಟಿಕೊಂಡರೆ ಉಪಕರಣದೊಳಗಿನ ಪ್ರವಾಹ ಇಳಿಯಬೇಕೆಂಬುದು ಅವನ ಎಣಿಕೆ. ಅನಿಲಕ್ಕೆ ಅದು ಮಿಸುಕಲಿಲ್ಲ. ಬೇಸತ್ತು ಅವನು ಹಚ್ಚಿದ ಸಿಗರೇಟಿನ ಹೊಗೆಗೆ ಮುಳ್ಳು ಇಳಿಯಿತು ಎಂಬ ಕಥೆ ಈ ಕ್ಷೇತ್ರದಲ್ಲಿ ಇಂದಿಗೂ ಪ್ರಚಲಿತ. ಅವನ ಸಹಚರ ಅರ್ನ್ಸ್ಟ್ ಮೈಲಿ, ಆ ಅತಿಸಣ್ಣ ವ್ಯತ್ಯಾಸವನ್ನು ಗಂಟೆ ಬಾರಿಸುವಷ್ಟು ಹಿಗ್ಗಿಸಬಲ್ಲ ವಿದ್ಯುತ್ ನಳಿಕೆಯನ್ನು ರೂಪಿಸಿದ. 1941ರಲ್ಲಿ ‘ಸೆರ್ಬೆರಸ್’ ಎಂಬ ಕಂಪನಿ ಸ್ಥಾಪನೆಯಾಯಿತು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ನಾಯಿಯ ಹೆಸರದು. ಆದರೆ ಈ ಕಾವಲುನಾಯಿ ದುಬಾರಿಯದಾಗಿತ್ತು. ಕಾರ್ಖಾನೆಗಳೂ ದೊಡ್ಡ ಕಟ್ಟಡಗಳೂ ಸಾಕಬಹುದಾದದ್ದು, ಮನೆಯವರಲ್ಲ.

ಬೆಲೆ ಇಳಿಯಲು ಎರಡು ಸಂಗತಿಗಳು ಕೂಡಿಬಂದವು. ಮೊದಲನೆಯದು ಅಮೆರಿಸಿಯಂ ಎಂಬ ಧಾತು. 1944ರಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಯುದ್ಧಕಾಲದ ಗೋಪ್ಯ ಸಂಶೋಧನೆಯಲ್ಲಿ ಕಂಡ ಧಾತುವಿದು. 1945ರ ನವೆಂಬರಿನಲ್ಲಿ ಮಕ್ಕಳ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಉತ್ತರವಾಗಿ ಸೀಬೋರ್ಗ್ ಅದನ್ನು ಮೊದಲ ಬಾರಿ ಬಹಿರಂಗಪಡಿಸಿದ. ಇದರ ಒಂದು ಗ್ರಾಂನ ಕೋಟಿಯಲ್ಲೊಂದೆರಡು ಪಾಲಲ್ಲ, ಅದಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 0.3 ಮೈಕ್ರೋಗ್ರಾಂ, ಒಂದು ಅಲಾರಮಿನೊಳಗಿನ ಗಾಳಿಯನ್ನು ಸದಾ ವಿದ್ಯುದಾವೇಶದಲ್ಲಿಡಲು ಸಾಕು. ಅದರ ಅರ್ಧಾಯುಷ್ಯ ಸುಮಾರು 432 ವರ್ಷ. ಎರಡನೆಯದು, ಅಮೆರಿಕದ ಕೊಲೊರಾಡೋದಲ್ಲಿ ಡ್ವೇನ್ ಪಿಯರ್ಸಾಲ್ ಎಂಬ ಉದ್ಯಮಿ 1960ರ ದಶಕದಲ್ಲಿ ಎಂಜಿನಿಯರ್ ಸ್ಟ್ಯಾನ್ಲಿ ಪೀಟರ್ಸನ್ ಜೊತೆ ನಡೆಸಿದ ಕೆಲಸ. ಅವರು ಸ್ಥಿರವಿದ್ಯುತ್ತನ್ನು ನೀಗಿಸುವ ಉಪಕರಣವನ್ನು ಪರೀಕ್ಷಿಸುತ್ತಿದ್ದಾಗ, ಇಲ್ಲಿಯೂ ಸಿಗರೇಟಿನ ಹೊಗೆಯೇ ಮುಳ್ಳನ್ನು ಅಲುಗಿಸಿತು. ಬ್ಯಾಟರಿಯಿಂದ ನಡೆಯುವ, ತಂತಿ ಎಳೆಯಬೇಕಿಲ್ಲದ, ಮನೆಯವರೇ ಸ್ಕ್ರೂ ತಿರುಗಿಸಿ ಕೂರಿಸಬಹುದಾದ ಹೊಗೆ ಅಲಾರಂ ಈ ದಾರಿಯಲ್ಲಿ ಹುಟ್ಟಿ, 1970ರ ದಶಕದ ನಡುವಿನ ಹೊತ್ತಿಗೆ ಸಾವಿರಗಟ್ಟಲೆ ತಯಾರಾಗತೊಡಗಿತು.

ಅದೇ ವೇಳೆಗೆ ಇನ್ನೊಂದು ಬಗೆಯೂ ಬಂತು. ಕತ್ತಲ ಗೂಡಿನೊಳಗೆ ಒಂದು ಬೆಳಕಿನ ಕಿರಣ; ಅದರ ದಾರಿಯಿಂದ ಓರೆಯಾಗಿ ಕುಳಿತ ಒಂದು ಕಣ್ಣು. ಹೊಗೆ ಒಳಹೊಕ್ಕಾಗ ಬೆಳಕು ಚದರಿ ಆ ಕಣ್ಣಿಗೆ ಬೀಳುತ್ತದೆ. ಬೆಳಗಿನ ಕೋಣೆಯಲ್ಲಿ ಕಿಟಕಿಯ ಬಿಸಿಲುಕೋಲಿನೊಳಗೆ ಧೂಳು ಮಿನುಗುವುದನ್ನು ಕಂಡವರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಸಿಯಂ ಬಳಸುವ ಬಗೆ, ಜ್ವಾಲೆಯೆದ್ದು ಉರಿಯುವ ಬೆಂಕಿಯ ಅತಿಸೂಕ್ಷ್ಮ ಕಣಗಳನ್ನು ಬೇಗ ಅರಿಯುತ್ತದೆ. ಬೆಳಕಿನ ಬಗೆ, ಹಾಸಿಗೆ ಸೋಫಾಗಳಲ್ಲಿ ಕನಲುವ ಬೆಂಕಿಯ ದಪ್ಪ ಹೊಗೆಯನ್ನು ಬೇಗ ಅರಿಯುತ್ತದೆ. ಅಡುಗೆಯ ಸಣ್ಣ ಹೊಗೆಗೆ ಅಷ್ಟಾಗಿ ಮೋಸಹೋಗುವುದಿಲ್ಲ. ಈಗ ಭಾರತದಲ್ಲಿ ಮನೆಗೆ ಕೊಳ್ಳುವವರಿಗೆ ಸಾಮಾನ್ಯವಾಗಿ ಒಪ್ಪುವುದು ಈ ಎರಡನೆಯದೇ. ಪೆಟ್ಟಿಗೆಯ ಮೇಲೆ ‘ಫೋಟೋಎಲೆಕ್ಟ್ರಿಕ್’ ಅಥವಾ ‘ಆಪ್ಟಿಕಲ್’ ಎಂದು ನಮೂದಾಗಿರುತ್ತದೆ.

ನಿದ್ರೆಗೆ ಮೂಗಿಲ್ಲ

ಯಂತ್ರ ಸಿದ್ಧವಾದರೂ ಅದನ್ನು ಎಲ್ಲಿಡಬೇಕೆಂಬುದು ಗೊತ್ತಿರಲಿಲ್ಲ. 1973ರಲ್ಲಿ ಅಮೆರಿಕದ ರಾಷ್ಟ್ರೀಯ ಆಯೋಗವೊಂದು ‘ಅಮೆರಿಕಾ ಬರ್ನಿಂಗ್’ ಎಂಬ ವರದಿಯಲ್ಲಿ ದೇಶದ ಬೆಂಕಿ ಸಾವುಗಳನ್ನು ಎತ್ತಿ ತೋರಿಸಿ, ಮನೆಗಳಲ್ಲಿ ಬೇಗ ಎಚ್ಚರಿಸುವ ಸಾಧನಗಳಿರಬೇಕೆಂದು ಒತ್ತಾಯಿಸಿತು. ಅದರ ಬೆನ್ನಲ್ಲೇ ಮಿಷಿಗನ್ ಸರೋವರದ ದಡದ ಇಂಡಿಯಾನಾ ಡ್ಯೂನ್ಸ್ ಎಂಬಲ್ಲಿ, ಕೆಡವಲೆಂದೇ ಗುರುತಿಸಿದ್ದ ನಿಜವಾದ ಮನೆಗಳಲ್ಲಿ ಹಾಸಿಗೆ, ಸೋಫಾಗಳಿಗೆ ಬೆಂಕಿಯಿಟ್ಟು ಪರೀಕ್ಷೆಗಳನ್ನು ನಡೆಸಿದರು. ಹೊಗೆ ಅಲಾರಮುಗಳೂ ಶಾಖದ ಅಲಾರಮುಗಳೂ ಅಕ್ಕಪಕ್ಕದಲ್ಲಿದ್ದವು. ಶಾಖದವು ಬಹಳ ತಡವಾಗಿ ಕೂಗಿದವು. ಮನೆಯ ಪ್ರತಿ ಅಂತಸ್ತಿನಲ್ಲೂ ಒಂದೊಂದು ಹೊಗೆ ಅಲಾರಂ ಇದ್ದರೆ ಮನೆಮಂದಿ ಪಾರಾಗಲು ಸಾಕಷ್ಟು ಸಮಯ ಸಿಗುತ್ತದೆಂದು ಸಿದ್ಧವಾಯಿತು. ‘ಪ್ರತಿ ಅಂತಸ್ತಿಗೊಂದು’ ಎಂಬ ನಿಯಮಕ್ಕೆ ಬುನಾದಿ ಈ ಸುಟ್ಟ ಮನೆಗಳು.

ಸುಮಾರು ಮೂರು ದಶಕಗಳ ಬಳಿಕ ಅಮೆರಿಕದ ಮಾನಕ ಸಂಸ್ಥೆ ಇಂಥದೇ ಪರೀಕ್ಷೆಗಳನ್ನು ಮತ್ತೆ ನಡೆಸಿ 2004ರಲ್ಲಿ ವರದಿ ಕೊಟ್ಟಿತು. ಜ್ವಾಲೆಯ ಬೆಂಕಿಯಲ್ಲಿ ಪಾರಾಗಲು 1970ರ ದಶಕದಲ್ಲಿ ಸುಮಾರು 17 ನಿಮಿಷ ಸಿಗುತ್ತಿತ್ತು. ಈಗ ಅದು ಸುಮಾರು 3 ನಿಮಿಷಕ್ಕೆ ಇಳಿದಿತ್ತು. ಮುಖ್ಯ ಕಾರಣ ಪೀಠೋಪಕರಣ. ಹತ್ತಿ, ಮರ, ನಾರುಗಳ ಜಾಗಕ್ಕೆ ಫೋಮ್ ಮತ್ತು ಪ್ಲಾಸ್ಟಿಕ್ ಬಂದಿವೆ. ಅವು ಬೇಗ ಉರಿಯುತ್ತವೆ, ಕಪ್ಪು ವಿಷಹೊಗೆಯನ್ನು ಕಾರುತ್ತವೆ.

ಇಷ್ಟಾದರೂ ‘ಹೊಗೆಯ ವಾಸನೆ ಬಂದರೆ ಎಚ್ಚರವಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ ಎಂಬುದೇ ಉತ್ತರ. 2004ರಲ್ಲಿ ಮೇರಿ ಕಾರ್ಸ್‌ಕಾಡನ್ ಮತ್ತು ರೇಚಲ್ ಹರ್ಜ್ ಎಂಬ ಸಂಶೋಧಕಿಯರು ಮಲಗಿದವರ ಮೂಗಿನ ಬಳಿ ಪುದೀನದ ಪರಿಮಳವನ್ನೂ ಪಿರಿಡೀನ್ ಎಂಬ ದುರ್ವಾಸನೆಯನ್ನೂ ಹಾಯಿಸಿ ನೋಡಿದರು. ಗಾಢ ನಿದ್ರೆಯಲ್ಲಿದ್ದವರನ್ನು ಯಾವುದೂ ಎಬ್ಬಿಸಲಿಲ್ಲ, ಸದ್ದು ಎಬ್ಬಿಸಿತು. ನಿದ್ರೆಗೆ ಕಿವಿಯಿದೆ, ಮೂಗಿಲ್ಲ. ಹೊಗೆಯ ವಾರ್ತೆಯನ್ನು ಮೂಗಿನ ಭಾಷೆಯಿಂದ ಕಿವಿಯ ಭಾಷೆಗೆ ಅನುವಾದಿಸುವುದೇ ಅಲಾರಮಿನ ಕೆಲಸ.

ಆ ಕಿವಿಯೂ ಎಲ್ಲರದೂ ಒಂದೇ ಅಲ್ಲ. ಆಸ್ಟ್ರೇಲಿಯಾದ ಡೊರೊಥಿ ಬ್ರಕ್ ಮತ್ತು ಸಂಗಡಿಗರ ಅಧ್ಯಯನಗಳು, ಸುಮಾರು 3000 ಹರ್ಟ್ಸ್‌ನ ಕೀರಲು ಸದ್ದಿಗೆ ಮಕ್ಕಳು ಅನೇಕ ವೇಳೆ ಎಚ್ಚರಗೊಳ್ಳುವುದಿಲ್ಲವೆಂದು ತೋರಿಸಿದವು. ವಯಸ್ಸಾದವರಲ್ಲಿ ಮೊದಲು ಕುಂದುವುದೂ ಆ ಎತ್ತರದ ಸ್ವರಗಳ ಶ್ರವಣವೇ. 520 ಹರ್ಟ್ಸ್‌ನ ತಗ್ಗು ಸ್ವರ ಇಬ್ಬರನ್ನೂ ಹೆಚ್ಚು ಚೆನ್ನಾಗಿ ಎಬ್ಬಿಸುತ್ತದೆ. ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಕೋಣೆಯಲ್ಲಿ ಮಲಗುವ ನಮ್ಮ ಮನೆಗಳಿಗೆ ಇದರ ಅರ್ಥ ಸ್ಪಷ್ಟ: ಸದ್ದು ಹತ್ತಿರದಲ್ಲಿರಬೇಕು, ಮತ್ತು ಅವರನ್ನು ಎಬ್ಬಿಸಿ ಕರೆದೊಯ್ಯುವವರು ಯಾರೆಂಬುದು ಮೊದಲೇ ಗೊತ್ತಾಗಿರಬೇಕು.

ನಮ್ಮ ಊರುಗಳ ನೆನಪು

ಮುಂಬಯಿಯವರಿಗೆ ಏಪ್ರಿಲ್ 14ರ ಮಹತ್ವವನ್ನು ಹೇಳಬೇಕಾಗಿಲ್ಲ. 1944ರ ಆ ದಿನ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿನ ಒಡಲಲ್ಲಿ ಮಧ್ಯಾಹ್ನ ಎರಡರ ಸುಮಾರಿಗೆ ಬೆಂಕಿ ಗಮನಕ್ಕೆ ಬಂತು. ನಾಲ್ಕು ದಾಟಿದ ಮೇಲೆ ಸ್ಫೋಟಗಳಾದವು. ಬೆಂಕಿಯೊಡನೆ ಹೋರಾಡುತ್ತ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಇಂದಿಗೂ ದೇಶ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ.

ಆಮೇಲಿನ ದುರಂತಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಅವರ ಉಸಿರು ಕಟ್ಟಿಸಿದ್ದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿಯೂ ಹೊಗೆಯೇ ಮಾರಕವಾಯಿತು. ಆ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಬೆಂಕಿ ಸುರಕ್ಷತೆಗಾಗಿ ದುಡಿದರು. 2025ರ ಮೇ 18ರ ಬೆಳಗಿನಲ್ಲಿ ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನ ಮನೆಯೊಂದರಲ್ಲಿ 17 ಜನ ಅಸುನೀಗಿದರು. ಅವರಲ್ಲಿ 8 ಮಕ್ಕಳು. ಕೆಳಗೆ ಅಂಗಡಿ, ಮೇಲೆ ತುಂಬಿದ ಕುಟುಂಬ, ಇಳಿಯಲು ಇಕ್ಕಟ್ಟಾದ ದಾರಿ. ಹಳೆಯ ಪೇಟೆಗಳಲ್ಲಿ ಇಂಥ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಕೆಲವರು ಅವುಗಳಲ್ಲಿ ಬೆಳೆದಿದ್ದೇವೆ.

ಭಾರತದಲ್ಲಿ ನಿಯಮಗಳಿಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯ ನಾಲ್ಕನೆಯ ಭಾಗ ಬೆಂಕಿ ಸುರಕ್ಷತೆಗೇ ಮೀಸಲು. ಅಲಾರಂ ವ್ಯವಸ್ಥೆಯ ಆಯ್ಕೆ ಮತ್ತು ಸ್ಥಾಪನೆಗೆ ಐ.ಎಸ್. 2189 ಎಂಬ ಭಾರತೀಯ ಮಾನಕವಿದೆ. ಮಹಾರಾಷ್ಟ್ರದ 2006ರ ಕಾಯಿದೆ, ಕಟ್ಟಡದ ಅಗ್ನಿ ಉಪಕರಣಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ವರ್ಷಕ್ಕೆರಡು ಬಾರಿ ಕೇಳುತ್ತದೆ. ಆದರೆ ಈ ನಿಯಮಗಳ ದೃಷ್ಟಿ ಪ್ರಧಾನವಾಗಿ ಕಟ್ಟಡದ ಮೇಲಿದೆ: ಮೆಟ್ಟಿಲು, ಲಿಫ್ಟು, ನೀರಿನ ಕೊಳವೆ, ಕಾರಿಡಾರಿನ ಗಂಟೆ. ಫ್ಲ್ಯಾಟಿನ ಬಾಗಿಲಿನಿಂದ ಒಳಗೆ, ಮಗು ಮಲಗುವ ಕೋಣೆಯ ಸೂರಿನಲ್ಲಿ ಏನಿರಬೇಕೆಂದು ಯೋಚಿಸುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ನಾವಿನ್ನೂ ಊರನ್ನು ಎಬ್ಬಿಸುವ ಕಾಲದಲ್ಲೇ ಇದ್ದೇವೆ. ಬೇರೆಡೆ ಕಾನೂನು ಬಾಗಿಲನ್ನು ದಾಟಿ ಒಳಬಂದಿದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತ ಬಳಿಕ ಸ್ಕಾಟ್ಲೆಂಡ್ ಹೊಸ ಕಟ್ಟಳೆ ಮಾಡಿತು. 2022ರ ಫೆಬ್ರವರಿಯಿಂದ ಅಲ್ಲಿನ ಪ್ರತಿ ಮನೆಯ ಹಾಲ್‌ನಲ್ಲಿ ಒಂದು ಹೊಗೆ ಅಲಾರಂ, ಪ್ರತಿ ಓಣಿ ಮತ್ತು ಮೆಟ್ಟಿಲ ಕಟ್ಟೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಶಾಖದ ಅಲಾರಂ ಇರಬೇಕು. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಅವು ಪರಸ್ಪರ ಜೋಡಣೆಯಾಗಿರಬೇಕು.

ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ

ಈ ಚರಿತ್ರೆಯ ಪಾಠವನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಮೊದಲು, ಕೊಳ್ಳುವಾಗ ಒಂದು ವ್ಯತ್ಯಾಸ ತಿಳಿದಿರಬೇಕು. ಅಂಗಡಿಯಲ್ಲಿ ‘ಡಿಟೆಕ್ಟರ್’ ಎಂದು ಸಿಗುವ ಎಷ್ಟೋ ಸಾಧನಗಳು ದೊಡ್ಡ ಕಟ್ಟಡದ ಪ್ಯಾನಲ್ಲಿಗೆ ತಂತಿಯಿಂದ ಜೋಡಿಸಲು ಮಾಡಿದವು. ಒಂಟಿಯಾಗಿ ಸೂರಿಗೆ ಅಂಟಿಸಿದರೆ ಅವು ತುಟಿ ಬಿಚ್ಚುವುದಿಲ್ಲ. ಮನೆಗೆ ಬೇಕಾದದ್ದು ತನ್ನೊಳಗೇ ಬ್ಯಾಟರಿಯನ್ನೂ ಗಂಟೆಯನ್ನೂ ಇಟ್ಟುಕೊಂಡ ‘ಅಲಾರಂ’. ಇ.ಎನ್. 14604 ಅಥವಾ ಯು.ಎಲ್. 217 ಎಂಬ ಮಾನಕದ ಗುರುತು ಅದರ ಮೇಲಿದೆಯೇ, ತಯಾರಾದ ದಿನಾಂಕ ಯಾವುದು ಎಂದು ನೋಡಬೇಕು. ಸಾಮಾನ್ಯವಾಗಿ 10 ವರ್ಷಕ್ಕೆ ಅದನ್ನು ಬದಲಿಸಬೇಕು; ಆ ಎಣಿಕೆ ತಯಾರಿಕೆಯ ದಿನದಿಂದ.

ಜಾಗದ ವಿಚಾರದಲ್ಲಿ ನಿದ್ರೆಗೆ ಮೊದಲ ಮನ್ನಣೆ. ಪ್ರತಿ ಮಲಗುವ ಕೋಣೆಯಲ್ಲಿ ಒಂದು, ಕೋಣೆಗಳ ಹೊರಗಿನ ಓಣಿಯಲ್ಲಿ ಒಂದು. ಏ.ಸಿ. ಹಾಕಿ ಬಾಗಿಲು ಮುಚ್ಚಿ ಮಲಗುವ ಮನೆಗಳಲ್ಲಿ ಓಣಿಯದೊಂದೇ ಸಾಲದು: ಒಳಗಿನ ಹೊಗೆ ಅದಕ್ಕೆ ತಡವಾಗಿ ತಲುಪುತ್ತದೆ, ಅದರ ಸದ್ದು ಒಳಗೆ ಕುಗ್ಗಿ ತಲುಪುತ್ತದೆ. ಹಾಲ್‌ನಲ್ಲಿ ಹಾಸಿಗೆ ಹಾಸಿ ಮಲಗುವವರಿದ್ದರೆ ಹಾಲ್ ಕೂಡ ಮಲಗುವ ಕೋಣೆಯೇ. ಒಂದನ್ನು ಮಾತ್ರ ಕೊಳ್ಳಲು ಸಾಧ್ಯವಿದ್ದರೆ, ಮಲಗುವ ಕೋಣೆಗಳ ಬಾಗಿಲು ಕೂಡುವಲ್ಲಿ ಇಟ್ಟು, ರಾತ್ರಿ ಸದ್ದು ಒಳಗೆ ಕೇಳುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಹೊಗೆ ಮೇಲೇರುತ್ತದೆ, ಆದ್ದರಿಂದ ಸೂರೇ ಅದರ ಜಾಗ. ಸೂರೂ ಗೋಡೆಯೂ ಸೇರುವ ಮೂಲೆಯಲ್ಲಿ ಗಾಳಿ ನಿಂತುಬಿಡುವುದರಿಂದ ಗೋಡೆಯಿಂದ ಒಂದು ಅಡಿ ಈಚೆಗಿರಲಿ. ಗೋಡೆಗೇ ಹಾಕುವುದಾದರೆ ಸೂರಿನಿಂದ 10ರಿಂದ 30 ಸೆಂಟಿಮೀಟರ್ ಕೆಳಗೆ. ಹೊರದೇಶದ ಕೈಪಿಡಿಗಳನ್ನು ಓದುವವರು ಅಷ್ಟಾಗಿ ಗಮನಿಸದ, ನಮಗೆ ಮುಖ್ಯವಾದ ಒಂದು ಮಾತು ಸೀಲಿಂಗ್ ಫ್ಯಾನಿನದು: ತಿರುಗುವ ಫ್ಯಾನು ಹೊಗೆಯನ್ನು ಚೆದುರಿಸುತ್ತದೆ. ರೆಕ್ಕೆಯ ತುದಿಯಿಂದ ಕಡಿಮೆಯೆಂದರೆ 3 ಅಡಿ ದೂರವಿರಬೇಕು. ಏ.ಸಿ.ಯ ಗಾಳಿ ನೇರವಾಗಿ ಬಡಿಯುವಲ್ಲಿ, ಕಿಟಕಿಯ ಎದುರಿಗೆ, ಬಚ್ಚಲಿನ ಬಾಗಿಲ ಬಳಿ ಬೇಡ.

ಇನ್ನು ಅಡುಗೆಮನೆ, ನೈಯಾಯಿಕರ ದೃಷ್ಟಾಂತದ ನೆಲೆ. ಒಗ್ಗರಣೆಯ ಘಾಟು, ಹಪ್ಪಳ ಸುಡುವ ಹೊಗೆ, ಕುಕ್ಕರಿನ ಹಬೆ ಇವೆಲ್ಲ ನಿತ್ಯವಿರುವಲ್ಲಿ ಹೊಗೆ ಅಲಾರಂ ಇಟ್ಟರೆ ಅದು ದಿನಕ್ಕೆರಡು ಬಾರಿ ಸುಳ್ಳು ಕೂಗುತ್ತದೆ. ತೋಳ ಬಂತು ಎಂದು ಕೂಗಿದ ಹುಡುಗನ ಗತಿ ಅದಕ್ಕೂ ಬರುತ್ತದೆ: ಮೂರನೆಯ ದಿನ ಯಾರೋ ಸ್ಟೂಲು ಹತ್ತಿ ಬ್ಯಾಟರಿ ಕಿತ್ತು ಗಡಿಯಾರಕ್ಕೋ ಆಟಿಕೆಗೋ ಹಾಕುತ್ತಾರೆ. ಅಮೆರಿಕದ ಅಂಕಿಅಂಶಗಳ ಪ್ರಕಾರ ಮನೆಬೆಂಕಿಯ ಸಾವುಗಳಲ್ಲಿ ಐದರಲ್ಲಿ ಸುಮಾರು ಮೂರು ಸಂಭವಿಸುವುದು ಅಲಾರಂ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳಲ್ಲಿ. ಕೆಲಸ ಮಾಡದಿರಲು ದೊಡ್ಡ ಕಾರಣ ಕಿತ್ತ ಅಥವಾ ಸತ್ತ ಬ್ಯಾಟರಿ. ಆದ್ದರಿಂದ ಹಳೆಯ ಶಾಖದ ಅಲಾರಮಿಗೆ ಇಲ್ಲಿ ಮರುಜನ್ಮ. ಸುಮಾರು 57-58 ಡಿಗ್ರಿ ಸೆಲ್ಸಿಯಸ್‌ಗೆ ಕೂಗುವ ಅದಕ್ಕೆ ಒಗ್ಗರಣೆಯ ಗೊಡವೆಯಿಲ್ಲ. ಒಲೆಯ ನೇರ ಮೇಲೆ ಬಿಟ್ಟು ಸೂರಿನ ನಡುವಿನಲ್ಲಿ ಇಡಬಹುದು. ಹೊಗೆ ಅಲಾರಂ ಒಲೆಯಿಂದ ಕನಿಷ್ಠ 10 ಅಡಿ ದೂರವಿರಲಿ. ದೇವರ ಕೋಣೆಯ ಧೂಪ, ಕರ್ಪೂರದಾರತಿ, ಸೊಳ್ಳೆಬತ್ತಿಗಳ ಬಳಿಯೂ ಅದೇ ವಿವೇಕ ಬೇಕು. ತಾತ್ಕಾಲಿಕವಾಗಿ ಸುಮ್ಮನಾಗಿಸುವ ಗುಂಡಿಯಿರುವ ಅಲಾರಂ ಕೊಂಡರೆ ಬ್ಯಾಟರಿಯ ಮೇಲೆ ಸಿಟ್ಟು ಹೋಗುವುದಿಲ್ಲ. ನಿಮಿಷಕ್ಕೊಮ್ಮೆ ‘ಚಿಂವ್’ ಎಂದರೆ ಬ್ಯಾಟರಿ ಮುಗಿಯಿತೆಂದು ಅರ್ಥ; ಬೆಂಕಿಯ ಕೂಗು ಬಿಡುವಿಲ್ಲದ್ದು, ಸಾಮಾನ್ಯವಾಗಿ ಮೂರು ಮೂರರ ಗುಂಪಿನದು. ಈ ಭೇದ ಮನೆಯ ಎಲ್ಲರಿಗೂ ಗೊತ್ತಿರಬೇಕು.

ಗ್ಯಾಸ್ ಸೋರಿಕೆಯ ಅಲಾರಂ ಇವೆರಡರಿಂದಲೂ ಬೇರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಅದರ ಅಲಾರಂ ನೆಲದ ಬಳಿ ಇರಬೇಕು. ಮುಂಬಯಿ, ದೆಹಲಿ, ಪುಣೆಗಳ ಅನೇಕ ಮನೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದರದು ಸೂರಿನ ಬಳಿ. ಸಿಲಿಂಡರಿನಿಂದ ಕೊಳವೆಗೆ ಬದಲಾದ ಮನೆಯಲ್ಲಿ ಅಲಾರಮಿನ ಜಾಗವೂ ಬಗೆಯೂ ಬದಲಾಗಬೇಕು.

ಆರು ಪಣದ ಹೊಣೆ

ಸೂರಿಗೆ ಎರಡು ತೂತು ಕೊರೆಯಲು ಮನೆಯೊಡೆಯನ ಅನುಮತಿ ಬೇಕು, ಒಡೆಯ ಬೇರೆ ದೇಶದಲ್ಲಿದ್ದಾನೆ, ಮುಂದಿನ ವರ್ಷ ನಾವು ಇಲ್ಲಿರುವೆವೋ ಇಲ್ಲವೋ ಎಂಬ ಮಾತು ಬಾಡಿಗೆಯ ಮನೆಗಳಲ್ಲಿ ಸಹಜ. ಕೌಟಿಲ್ಯನ 6 ಪಣ ನೆನಪಾಗಬೇಕಾದದ್ದು ಇಲ್ಲಿ. ಬ್ಯಾಟರಿಯ ಅಲಾರಂ ಬಾಡಿಗೆದಾರನ ಜೊತೆ ಊರಿಂದೂರಿಗೆ ಹೋಗಬಲ್ಲುದು. ಮಿಕ್ಸರಿನಂತೆ, ದೇವರ ಮಂಟಪದಂತೆ, ಪುಸ್ತಕದ ಕಪಾಟಿನಂತೆ. ಮನೆ ಬದಲಿಸಿದ ಮೊದಲ ರಾತ್ರಿಯೇ ಅದಕ್ಕೊಂದು ಜಾಗ ನೋಡಬಹುದು.

ಅಲಾರಂ ಬೆಂಕಿಯನ್ನು ಆರಿಸುವುದಿಲ್ಲ. ಅದು ಕೊಡುವುದು ಆ ಮೂರು ನಿಮಿಷಗಳನ್ನು ಮಾತ್ರ. ಅವುಗಳಲ್ಲಿ ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಕಿಟಕಿಯ ಗ್ರಿಲ್‌ಗೆ ಹಾಕಿದ ಬೀಗದ ಕೈ ಎಲ್ಲಿದೆ? ಮುಂಬಾಗಿಲ ಚಿಲಕವನ್ನು ಕತ್ತಲಲ್ಲಿ ಮಗು ತೆಗೆಯಬಲ್ಲುದೇ? ಮೆಟ್ಟಿಲ ಮೇಲೆ ಯಾರ ಸೈಕಲ್ಲು, ಯಾರ ಚಪ್ಪಲಿಯ ಗೂಡು ಇದೆ? ಹೊಗೆ ತುಂಬಿದಾಗ ನೆಲಕ್ಕೆ ತಗ್ಗಿ ತೆವಳಬೇಕು, ಲಿಫ್ಟ್ ಹತ್ತಬಾರದು, ಹೊರಬಿದ್ದ ಮೇಲೆ 101 ಅಥವಾ 112ಕ್ಕೆ ಕರೆ ಮಾಡಬೇಕು, ಬಿಟ್ಟುಬಂದ ವಸ್ತುವಿಗಾಗಿ ಮತ್ತೆ ಒಳಹೋಗಬಾರದು. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿಯೊತ್ತಿ ಮನೆಮಂದಿಗೆಲ್ಲ ಆ ಸದ್ದಿನ ಪರಿಚಯ ಮಾಡಿಸಬೇಕು. ಕಸಬರಿಗೆಯ ತುದಿ ತಲುಪಿದರೆ ಸಾಕು, ಸ್ಟೂಲು ಕೂಡ ಬೇಡ.

ರೋಮಿನ ಕಾವಲಿನವನೂ ಪಾಟಲಿಪುತ್ರದ ಮನೆಯೊಡೆಯನೂ ಊರಿಗಾಗಿ ಎಚ್ಚರವಿದ್ದರು. ಈಗ ಊರು ಎಚ್ಚರವಿರುವುದಿಲ್ಲ. ಪಕ್ಕದ ಫ್ಲ್ಯಾಟಿನವರ ಹೆಸರೂ ನಮಗೆ ಎಷ್ಟೋ ವೇಳೆ ತಿಳಿದಿರುವುದಿಲ್ಲ. ನಮ್ಮ ಭಾಷೆಯಲ್ಲಿ ಕೂಗಿದರೆ ತಿಳಿಯುವವರು ಆ ಮಹಡಿಯಲ್ಲಿ ಇರುವುದೂ ಅಪರೂಪ. ಸೂರಿನ ಮೇಲಿನ ಗಂಟೆಗೆ ಭಾಷೆಯ ಹಂಗಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನಾವು ಬೇರೆಯವರ ಬಗ್ಗೆ ಹೇಳುತ್ತ ಬಂದಿದ್ದೇವೆ. ಇಂದು ರಾತ್ರಿ ಮಲಗುವ ಮುನ್ನ ನಮ್ಮ ಸೂರನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.